1/8 ಅಳತೆಯ ಆರ್‌ಸಿ (ರಿಮೋಟ್‌ನಿಂದ ಓಡುವ) ಲಾರಿಯ ಚಾಸಿಯನ್ನು ಮನೆಯಲ್ಲೇ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ಟೈರ್‌ನಿಂದ ಶುರು ಮಾಡಿ. ಚಾಸಿಯ ಉದ್ದ ರೈಲ್‌ಗಳನ್ನು, ಅಂದರೆ ಎರಡು ಬದಿಯ ಉದ್ದ ಪಟ್ಟಿಗಳನ್ನು, ಕೊನೆಗೆ ಕತ್ತರಿಸಿ.

ನೀವು ಕೇಳಿರುವುದು ಇಷ್ಟು: 1/14ರ ಕಿಟ್ ಲಾರಿ ಜೋಡಿಸಿ ಅಭ್ಯಾಸ ಇದೆ, ಈಗ 1/8 ಅಳತೆಯಲ್ಲಿ ಹತ್ತು ಚಕ್ರದ ಲಾರಿಯ ಚಾಸಿಯನ್ನು ಸ್ವಂತ ಕೈಯಿಂದ ಮಾಡಬೇಕು. ಡ್ರಿಲ್ ಸ್ಟ್ಯಾಂಡ್, ಗ್ರೈಂಡರ್, ವೈಸ್, ಹ್ಯಾಕ್ಸಾ ಇವೆ, ಲೇತ್ ಇಲ್ಲ. ಅಲ್ಯೂಮಿನಿಯಂ ಆಂಗಲ್ ಸಾಕಾ, ಯಾವ ಭಾಗ ಮನೆಯಲ್ಲಿ ಆಗುತ್ತದೆ, ಯಾವುದು ಆಗುವುದಿಲ್ಲ ಅಂತ. ಈ ಗಾತ್ರದ ಗಾಡಿ ಕಟ್ಟುವುದು ನನಗೆ ಬಹಳ ಇಷ್ಟದ ಕೆಲಸ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ಟೈರ್ ಯಾಕೆ ಅಂದರೆ, ಉಳಿದದ್ದನ್ನೆಲ್ಲ ನಮಗೆ ಬೇಕಾದ ಅಳತೆಗೆ ಕತ್ತರಿಸಬಹುದು, ಬಗ್ಗಿಸಬಹುದು. ಟೈರ್ ಮಾತ್ರ ಸಿಕ್ಕಿದ್ದೇ ಅಳತೆ. ದೊಡ್ಡ ಲಾರಿಯ ಟೈರ್ ಸುಮಾರು 1050 ಮಿ.ಮೀ. ಎತ್ತರ ಇರುತ್ತದೆ. 8ರಿಂದ ಭಾಗಿಸಿದರೆ 131. ನಿಮಗೆ ಚೆಂದ ಕಾಣುವ ಟೈರ್ 140 ಮಿ.ಮೀ.ನಲ್ಲಿ ಸಿಕ್ಕಿತು ಅನ್ನಿ, ಆಗ ನಿಮ್ಮ ಗಾಡಿ 1/7.5 ಅಳತೆಯದು ಆಯಿತು. ಏನೂ ತೊಂದರೆ ಇಲ್ಲ. ಆದರೆ ಅದು ರೈಲ್ ಕತ್ತರಿಸುವ ಮೊದಲೇ ಗೊತ್ತಿರಬೇಕು. ನಿಜವಾದ ಲಾರಿಯ ಅಗಲ ಎರಡೂವರೆ ಮೀಟರ್, ರೈಲ್‌ಗಳ ಹೊರ ಅಗಲ ಸುಮಾರು 85 ಸೆಂ.ಮೀ., ರೈಲ್‌ನ ಎತ್ತರ 25ರಿಂದ 30 ಸೆಂ.ಮೀ. ಇವನ್ನೆಲ್ಲ ಅದೇ ಸಂಖ್ಯೆಯಿಂದ ಭಾಗಿಸಿಕೊಂಡು ಕಾಗದದ ಮೇಲೆ ಬರೆದಿಡಿ. ಇನ್ನೊಂದು ಮಾತು, ಹತ್ತು ಟೈರ್‌ಗಳನ್ನೂ ಒಟ್ಟಿಗೇ ಕೊಂಡುಬಿಡಿ. ಆಮೇಲೆ ಅದೇ ಅಳತೆ ಸಿಗದೇ ಹೋದರೆ ಕೆಲಸ ಅಲ್ಲೇ ನಿಲ್ಲುತ್ತದೆ.

ಇನ್ನು ಭಾರ. 1/14ರಿಂದ 1/8ಕ್ಕೆ ಬಂದಾಗ ಉದ್ದ 1.75 ಪಟ್ಟು ಆಗುತ್ತದೆ. ಭಾರ ಮಾತ್ರ 1.75ರ ಘನ, ಅಂದರೆ ಐದು ಪಟ್ಟಿಗಿಂತ ಜಾಸ್ತಿ. ಭಾಗಗಳ ದಪ್ಪ, ಅಗಲ ಎರಡೂ ಅದೇ ಲೆಕ್ಕದಲ್ಲಿ ಹೆಚ್ಚಿದರೂ ಅವು ತಡೆಯುವ ಬಲ ಮೂರು ಪಟ್ಟು ಆಗುತ್ತದೆ ಅಷ್ಟೇ. ನಾಲ್ಕು ಕೆಜಿಯ ಕಿಟ್ ಗಾಡಿ ಇಲ್ಲಿ ಇಪ್ಪತ್ತು ಕೆಜಿ ದಾಟುತ್ತದೆ. ಕಿಟ್‌ನಲ್ಲಿ ನೋಡಿದ ಭಾಗವನ್ನೇ ದೊಡ್ಡದು ಮಾಡಿ ಹಾಕಿದರೆ ಸಾಲದು ಅನ್ನುವುದಕ್ಕೆ ಇದೇ ಕಾರಣ.

ಅಲ್ಯೂಮಿನಿಯಂ ಆಂಗಲ್ ಬೇಡ. ಎಲ್ ಆಕಾರದ ಪಟ್ಟಿಗೆ ಭಾರ ಬಿದ್ದರೆ ಬಗ್ಗುವುದರ ಜೊತೆಗೆ ತಿರುಚಿಕೊಳ್ಳುತ್ತದೆ. ಸಿ ಚಾನೆಲ್ ತೆಗೆದುಕೊಳ್ಳಿ. ಅಲ್ಯೂಮಿನಿಯಂನಲ್ಲೇ ಬೇಕೆಂದರೆ ಒಂದು ವಿಷಯ ತಿಳಿದಿರಲಿ. ಬಾಗಿಲು ಕಿಟಕಿಗೆ ಬಳಸುವ ಚಾನೆಲ್‌ಗಳು ಸಾಮಾನ್ಯವಾಗಿ 6063 ಜಾತಿಯವು, ಮೆತ್ತಗಿರುತ್ತವೆ. 6061-ಟಿ6 ಗಟ್ಟಿ, ಆದರೆ ಚೂಪಾಗಿ ಬಗ್ಗಿಸಿದರೆ ಮೂಲೆಯಲ್ಲಿ ಸೀಳು ಬಿಡುತ್ತದೆ. ಶೀಟ್ ತಂದು ಬಗ್ಗಿಸುವುದಾದರೆ 5052 ಒಳ್ಳೆಯದು. ನನ್ನನ್ನು ಕೇಳಿದರೆ 2 ಮಿ.ಮೀ. ಮೈಲ್ಡ್ ಸ್ಟೀಲ್ ಅನ್ನುತ್ತೇನೆ. 35 ಮಿ.ಮೀ. ಎತ್ತರ, 15 ಮಿ.ಮೀ. ಅಂಚು, 90 ಸೆಂ.ಮೀ. ಉದ್ದದ ಸ್ಟೀಲ್ ರೈಲ್ ಒಂದಕ್ಕೆ ಸುಮಾರು 0.86 ಕೆಜಿ. ಅದನ್ನೇ 3 ಮಿ.ಮೀ. ಅಲ್ಯೂಮಿನಿಯಂನಲ್ಲಿ ಮಾಡಿದರೆ 0.43. ಎರಡು ರೈಲ್ ಸೇರಿ ಒಂದು ಕೆಜಿಯೂ ಉಳಿಯುವುದಿಲ್ಲ. ಇಪ್ಪತ್ತು ಕೆಜಿಯ ಗಾಡಿಗೆ ಅದು ಲೆಕ್ಕಕ್ಕೇ ಇಲ್ಲ, ಅಲ್ವಾ?

ತೂತು ಕೊರೆಯುವ ಕ್ರಮದಲ್ಲೇ ಚಾಸಿ ನೇರ ಬರುವುದೋ ಸೊಟ್ಟ ಬರುವುದೋ ತೀರ್ಮಾನ ಆಗುತ್ತದೆ. ಎರಡೂ ರೈಲ್‌ಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕ್ಲ್ಯಾಂಪ್ ಮಾಡಿ. ಎರಡು ತುದಿಗಳಲ್ಲಿ ಒಂದೊಂದು ತೂತನ್ನು ಎರಡರಲ್ಲೂ ಒಟ್ಟಿಗೇ ಕೊರೆದು, ಅಲ್ಲೇ ಬೋಲ್ಟ್ ಹಾಕಿ ಬಿಗಿ ಮಾಡಿ. ಈಗ ಎಷ್ಟು ಅಲುಗಾಡಿಸಿದರೂ ಅವು ಜರುಗುವುದಿಲ್ಲ. ಆಮೇಲೆ ಉಳಿದ ಎಲ್ಲ ತೂತುಗಳಿಗೂ ಸೆಂಟರ್ ಪಂಚ್ ಹೊಡೆದು, ಮೊದಲು 2.5ರ ಬಿಟ್, ಆಮೇಲೆ 4ರ ಬಿಟ್. ಬಿಚ್ಚುವ ಮುಂಚೆ ಎರಡಕ್ಕೂ ಮುಂಭಾಗ ಯಾವುದು ಅಂತ ಗುರುತು ಹಾಕಿ. ಬಿಚ್ಚಿ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಟ್ಟರೆ ಸಿ ಬಾಯಿಗಳು ಒಳಕ್ಕೆ ನೋಡುತ್ತವೆ, ತೂತುಗಳು ಎದುರುಬದುರಾಗಿ ಕೂರುತ್ತವೆ. ಮೇಲಿನ ಮತ್ತು ಕೆಳಗಿನ ಅಂಚಿನಲ್ಲಿ ಮಾತ್ರ ತೂತು ಹಾಕಬೇಡಿ. ಬಗ್ಗುವಾಗ ಜಾಸ್ತಿ ಎಳೆತ ಬೀಳುವುದು ಅಲ್ಲೇ. ನಿಜವಾದ ಲಾರಿಯಲ್ಲೂ ನೋಡಿ, ಬೋಲ್ಟ್‌ಗಳೆಲ್ಲ ಹೆಚ್ಚಾಗಿ ನಿಂತ ಗೋಡೆಯಲ್ಲೇ ಇರುತ್ತವೆ.

ಅಡ್ಡಪಟ್ಟಿಗಳನ್ನು ವೆಲ್ಡ್ ಮಾಡುವ ಆಸೆ ಬೇಡ, ಬಿಸಿಗೆ ತೆಳು ರೈಲ್ ಎಳೆದುಕೊಳ್ಳುತ್ತದೆ. ಎಂ4 ಬೋಲ್ಟ್, ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವ, ಸಡಿಲವಾಗದ ನಟ್) ಸಾಕು. ಚಾಸಿ ಸ್ವಲ್ಪ ತಿರುಚಿಕೊಂಡರೆ ಹೆದರಬೇಡಿ. ಲಾರಿ ಚಾಸಿ ಇರುವುದೇ ಹಾಗೆ. ಒಂದು ಚಕ್ರ ಹಳ್ಳಕ್ಕೆ ಇಳಿದಾಗ ಏಣಿಯಂಥ ಇಡೀ ಚಾಸಿ ಸ್ವಲ್ಪ ತಿರುಗಿಕೊಟ್ಟು ಉಳಿದ ಚಕ್ರಗಳನ್ನು ನೆಲದ ಮೇಲೆ ಇಡುತ್ತದೆ. ಬಿಗಿಯಾಗಿ ಇರಬೇಕಾದ್ದು ಮೋಟರ್ ಮತ್ತು ಗೇರ್‌ಬಾಕ್ಸ್ ಕೂರುವ ಜಾಗ ಮಾತ್ರ. ಅವೆರಡನ್ನೂ ಒಂದೇ ದಪ್ಪ ಪ್ಲೇಟಿನ ಮೇಲೆ ಕೂರಿಸಿ, ಆ ಪ್ಲೇಟನ್ನು ರೈಲ್‌ಗಳಿಗೆ ಮೂರೇ ಕಡೆ ಹಿಡಿಸಿ.

ಇಡೀ ಕೆಲಸದಲ್ಲಿ ಕಷ್ಟದ್ದು, ಸಂತೋಷದ್ದು ಎರಡೂ ಹಿಂದಿನ ಆಕ್ಸೆಲ್. ಗೇರ್‌ಗಳನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಮೋಟರ್ ಸುಟ್ಟುಹೋದ ಆಂಗಲ್ ಗ್ರೈಂಡರ್ ಹುಡುಕಿ. ಅದರ ತಲೆಯೊಳಗೆ ಗಟ್ಟಿಯಾದ ಪಿನಿಯನ್ (ತಿರುಗಿಸುವ ಚಿಕ್ಕ ಗೇರ್), ಕ್ರೌನ್ (ಅದರಿಂದ ತಿರುಗುವ ದೊಡ್ಡ ಗೇರ್) ಇವೆ, ಬೇರಿಂಗ್ ಕೂರುವ ಜಾಗಗಳು ಸರಿಯಾಗಿ 90 ಡಿಗ್ರಿಯಲ್ಲಿವೆ. ನಮ್ಮ ಕೈಯಲ್ಲಿ ಬಾರದ ನಿಖರತೆ ಅಲ್ಲಿ ತಯಾರಾಗಿ ಸಿಗುತ್ತದೆ. ಹಲ್ಲು ಎಣಿಸಿ ಅನುಪಾತ ಬರೆದಿಟ್ಟುಕೊಳ್ಳಿ, ಸುಮಾರು 3ಕ್ಕೆ 1 ಇರುವುದು ನಮಗೆ ಅನುಕೂಲ. ಗ್ರೈಂಡರ್‌ನ ಶಾಫ್ಟ್ ಒಂದೇ ಕಡೆ ಹೊರಗೆ ಬರುತ್ತದೆ. ನಮಗೆ ಎರಡೂ ಕಡೆ ಬೇಕು. ಹಾಗಾಗಿ ತಲೆಯ ಮುಚ್ಚಿದ ಬದಿಯನ್ನು ಕೊರೆದು, ಕ್ರೌನ್ ಕೂರುವ ಉದ್ದ ಶಾಫ್ಟ್ ಒಂದನ್ನು ಲೇತ್ ಇರುವವರಿಂದ ಮಾಡಿಸಿ. ಹೊರಗೆ ಮಾಡಿಸಲೇಬೇಕಾದ ಭಾಗ ಅಂತ ನಾನು ಹೇಳುವುದು ಅದೊಂದನ್ನೇ. ಎರಡು ಬದಿಗೆ ದಪ್ಪ ಪೈಪ್, ಪೈಪಿನ ತುದಿಯಲ್ಲಿ 6001 ಬೇರಿಂಗ್. ಅದರ ಒಳ ಅಳತೆ 12, ಹೊರ ಅಳತೆ 28, ದಪ್ಪ 8 ಮಿ.ಮೀ.

ಗೇರ್ ಸರಿಯಾಗಿ ಕೂತಿದೆಯಾ ಎಂದು ನೋಡಲು ಕ್ರೌನ್‌ನ ನಾಲ್ಕೈದು ಹಲ್ಲುಗಳಿಗೆ ಮಾರ್ಕರ್ ಬಳಿಯಿರಿ. ಒಂದು ಕೈಯಲ್ಲಿ ಶಾಫ್ಟನ್ನು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಪಿನಿಯನ್ ತಿರುಗಿಸಿ. ಬಣ್ಣ ಹಲ್ಲಿನ ನಡುವೆ ಅಳಿಸಿದ್ದರೆ ಸರಿ. ಒಂದೇ ತುದಿಯಲ್ಲಿ ಅಳಿಸಿದ್ದರೆ ತೆಳು ಶಿಮ್ (ಸಂದು ತುಂಬುವ ವಾಷರ್) ಹಾಕಿಯೋ ತೆಗೆದೋ ಗೇರನ್ನು ಜರುಗಿಸಿ ಮತ್ತೆ ನೋಡಿ. ಕೈಯಲ್ಲಿ ಅಲ್ಲಾಡಿಸಿದಾಗ ಸ್ವಲ್ಪವೇ ಸ್ವಲ್ಪ ಆಟ ಸಿಗಬೇಕು. ಒಂದು ಪೂರ್ತಿ ಸುತ್ತಿನಲ್ಲಿ ನಾಲ್ಕು ಕಡೆ ಹೀಗೆ ನೋಡಿ. ಒಂದು ಕಡೆ ಆಟ, ಇನ್ನೊಂದು ಕಡೆ ಬಿಗಿ ಅನಿಸಿದರೆ ಶಾಫ್ಟ್ ಸೊಟ್ಟ ಇದೆ ಅಂತ ಅರ್ಥ. ಈ ಪರೀಕ್ಷೆಗೆ ಅವಸರ ಮಾಡಬೇಡಿ.

ಹಿಂದಿನ ಎರಡು ಆಕ್ಸೆಲ್‌ಗಳಲ್ಲಿ ಮೊದಲ ಸಲಕ್ಕೆ ಒಂದಕ್ಕೆ ಮಾತ್ರ ಶಕ್ತಿ ಕೊಡಿ, ಇನ್ನೊಂದು ಸುಮ್ನೆ ಉರುಳಲಿ. ಎರಡಕ್ಕೂ ಕೊಡಬೇಕೆಂದರೆ ಮೊದಲ ಆಕ್ಸೆಲ್ ದಾಟಿ ಶಾಫ್ಟ್ ಹೋಗಬೇಕು, ಗ್ರೈಂಡರ್ ತಲೆಯಲ್ಲಿ ಅದಕ್ಕೆ ಜಾಗವಿಲ್ಲ. ಎರಡು ಬದಿಯ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲದ್ದರಿಂದ ಗಟ್ಟಿ ನೆಲದ ಮೇಲೆ ತಿರುವಿನಲ್ಲಿ ಟೈರ್ ಸ್ವಲ್ಪ ಉಜ್ಜುತ್ತದೆ, ಮಣ್ಣಿನಲ್ಲಿ ಗೊತ್ತೇ ಆಗುವುದಿಲ್ಲ.

ಮೋಟರ್‌ಗೆ ಹಳೆಯ ಕಾರ್ಡ್‌ಲೆಸ್ ಡ್ರಿಲ್ ನನ್ನ ಆಯ್ಕೆ. ಒಳಗೆ ಎರಡು ಸ್ಪೀಡಿನ ಪ್ಲಾನೆಟರಿ ಗೇರ್‌ಬಾಕ್ಸ್ ಸಿದ್ಧವಾಗಿದೆ. ಲೆಕ್ಕ ಹೀಗೆ: ನಿಜವಾದ ಲಾರಿ ಗಂಟೆಗೆ 60 ಕಿ.ಮೀ. ಹೋದರೆ ನಮ್ಮದು 7.5 ಕಿ.ಮೀ. ಹೋಗಬೇಕು, ಅಂದರೆ ನಿಮಿಷಕ್ಕೆ 125 ಮೀಟರ್. 131 ಮಿ.ಮೀ. ಟೈರ್ ಒಂದು ಸುತ್ತಿಗೆ 41 ಸೆಂ.ಮೀ. ಹೋಗುತ್ತದೆ. ಹಾಗಾದರೆ ಚಕ್ರಕ್ಕೆ ನಿಮಿಷಕ್ಕೆ ಸುಮಾರು 305 ಸುತ್ತು, ಆಕ್ಸೆಲ್ 3ಕ್ಕೆ 1 ಆದರೆ ಗೇರ್‌ಬಾಕ್ಸಿನಿಂದ ಆಕ್ಸೆಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್‌ಗೆ 915. ಎರಡನೇ ಗೇರ್‌ನಲ್ಲಿ 1500 ಸುತ್ತುವ 18 ವೋಲ್ಟ್ ಡ್ರಿಲ್‌ಗೆ 12 ವೋಲ್ಟ್ ಕೊಟ್ಟರೆ ಹತ್ತಿರ ಹತ್ತಿರ 1000 ಸುತ್ತುತ್ತದೆ. ಬೇಕಾದ್ದು ಇಷ್ಟೇ ಅಲ್ವಾ! ಕಡಿಮೆ ವೋಲ್ಟೇಜಿನಲ್ಲಿ ಮೋಟರ್ ಸಾವಕಾಶವಾಗಿ, ಲಾರಿಯ ಗತ್ತಿನಲ್ಲೇ ಹೊರಡುತ್ತದೆ. ಕ್ಲಚ್ ರಿಂಗನ್ನು ಡ್ರಿಲ್ ಗುರುತಿಗೆ ತಿರುಗಿಸಿ ಅಲ್ಲೇ ಲಾಕ್ ಮಾಡಿ. ಮೋಟರ್ ಹಿಡಿಯುವ ಭಾಗವನ್ನು ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ 3ಡಿ ಪ್ರಿಂಟ್ ಮಾಡಬೇಡಿ, 60 ಡಿಗ್ರಿ ಹತ್ತಿರ ಅದು ಮೆತ್ತಗಾಗುತ್ತದೆ.

ಪ್ರೊಪೆಲ್ಲರ್ ಶಾಫ್ಟ್‌ಗೆ ಸಾಕೆಟ್ ಸೆಟ್‌ನಲ್ಲಿ ಬರುವ ಯೂನಿವರ್ಸಲ್ ಜಾಯಿಂಟ್‌ಗಳನ್ನೇ ಬಳಸಬಹುದು. ನಡುವೆ ಚೌಕ ಪೈಪಿನೊಳಗೆ ಚೌಕ ಸರಳು ಜಾರುವ ಹಾಗೆ ಮಾಡಿ, ಸಸ್ಪೆನ್ಷನ್ ಏರಿಳಿದಾಗ ಉದ್ದ ಬದಲಾಗಬೇಕಲ್ಲ. ನಡು ಶಾಫ್ಟ್‌ನ ಎರಡೂ ತುದಿಯ ಕವೆಗಳು (ಜಾಯಿಂಟನ್ನು ಹಿಡಿಯುವ ಎರಡು ಕವಲಿನ ಭಾಗ) ಒಂದೇ ನೇರದಲ್ಲಿರಲಿ, ಎರಡೂ ಜಾಯಿಂಟ್‌ನ ಕೋನ ಸಮ ಇರಲಿ. 30 ಡಿಗ್ರಿ ಬಗ್ಗಿದ ಒಂಟಿ ಜಾಯಿಂಟ್‌ನಲ್ಲಿ ಹೊರ ಶಾಫ್ಟ್‌ನ ವೇಗ ಪ್ರತಿ ಸುತ್ತಿಗೆ ಎರಡು ಸಲ 0.87ರಿಂದ 1.15 ಪಟ್ಟಿನ ನಡುವೆ ಏರಿಳಿಯುತ್ತದೆ. ಎರಡನೇ ಜಾಯಿಂಟ್ ಅದನ್ನು ಸರಿದೂಗಿಸುವುದು ಹೀಗೆ ಜೋಡಿಸಿದಾಗ ಮಾತ್ರ.

ಲೀಫ್ ಸ್ಪ್ರಿಂಗ್ ಪೂರ್ತಿ ಮನೆಯ ಕೆಲಸ. ದೊಡ್ಡ ಪೆಟ್ಟಿಗೆ ಬಿಗಿಯುವ ಉಕ್ಕಿನ ಪಟ್ಟಿ ಅಥವಾ ಹಳೆಯ ಬ್ಯಾಂಡ್‌ಸಾ ಬ್ಲೇಡ್ ಸಾಕು. ಬ್ಲೇಡಿನ ಹಲ್ಲುಗಳನ್ನು ಮಾತ್ರ ಪೂರ್ತಿ ಉಜ್ಜಿ ತೆಗೆಯಿರಿ. ದಪ್ಪದ ವಿಷಯದಲ್ಲಿ ಎಚ್ಚರ. ಪಟ್ಟಿಯ ಬಿರುಸು ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. 0.8ರ ಬದಲು 1 ಮಿ.ಮೀ. ಹಾಕಿದರೆ ಹೆಚ್ಚುಕಡಿಮೆ ಎರಡು ಪಟ್ಟು ಬಿರುಸು. ಹಾಗಾಗಿ ದಪ್ಪ ಪಟ್ಟಿ ಒಂದೆರಡು ಹಾಕುವ ಬದಲು ತೆಳು ಪಟ್ಟಿ ಜಾಸ್ತಿ ಹಾಕಿ, ಒಂದೊಂದೇ ತೆಗೆದು ಹೊಂದಿಸಿ. ಪೂರ್ತಿ ಭಾರ ಬಿದ್ದಾಗ ಸ್ಪ್ರಿಂಗ್ ಹೆಚ್ಚುಕಡಿಮೆ ಚಪ್ಪಟೆ ಆಗಬೇಕು. ಮುಂದಿನ ಸ್ಪ್ರಿಂಗ್‌ನ ಒಂದು ತುದಿ ಭದ್ರ, ಇನ್ನೊಂದು ತುದಿಗೆ ಶಾಕಲ್ (ತೂಗಾಡುವ ಚಿಕ್ಕ ಕೊಂಡಿ) ಇರಲೇಬೇಕು, ಇಲ್ಲದಿದ್ದರೆ ಪಟ್ಟಿ ಚಪ್ಪಟೆಯಾಗಿ ಉದ್ದವಾಗಲು ದಾರಿಯೇ ಇಲ್ಲ. ಹಿಂದೆ ಪ್ರತಿ ಬದಿಗೆ ಒಂದೇ ಸ್ಪ್ರಿಂಗ್ ಕಟ್ಟನ್ನು ತಲೆಕೆಳಗಾಗಿ ನಡುವೆ ತಿರುಗಣಿಯ ಮೇಲೆ ಕೂರಿಸಿ, ಎರಡು ತುದಿ ಎರಡು ಆಕ್ಸೆಲ್‌ಗಳ ಮೇಲೆ ಬರಲಿ. ಆಗ ಭಾರ ಎರಡಕ್ಕೂ ಸಮವಾಗಿ ಹಂಚಿಕೆಯಾಗಿ, ಶಕ್ತಿ ಕೊಡುವ ಚಕ್ರ ಗಾಳಿಯಲ್ಲಿ ಸುತ್ತುವುದು ತಪ್ಪುತ್ತದೆ. ಆಕ್ಸೆಲ್ ತಾನೇ ತಿರುಗದ ಹಾಗೆ ಪ್ರತಿಯೊಂದಕ್ಕೂ ಮೇಲೊಂದು, ಕೆಳಗೆ ಎರಡು ಸರಳುಗಳನ್ನು ರಾಡ್ ಎಂಡ್ (ಎಲ್ಲ ಕಡೆಗೂ ವಾಲುವ ಗುಂಡು ಕೀಲು) ಜೊತೆ ಕೊಡಿ.

ಸ್ಟೀರಿಂಗ್‌ಗೆ 25 ಕೆಜಿ-ಸೆಂ.ಮೀ.ಗಿಂತ ಕಡಿಮೆ ಬಲದ ಸರ್ವೋ (ಚಕ್ರ ತಿರುಗಿಸುವ ಚಿಕ್ಕ ಮೋಟರ್ ಘಟಕ) ಬೇಡ, ಅದಕ್ಕೆ ಬೇರೆಯದೇ ಬಿಇಸಿ (ಬ್ಯಾಟರಿಯ ವೋಲ್ಟೇಜ್ ಇಳಿಸಿ ಕೊಡುವ ಸರ್ಕ್ಯೂಟ್) ಇರಲಿ. ಮುಂದಿನ ಚಕ್ರಗಳು ತಿರುಗುವ ಎರಡೂ ಕಿಂಗ್‌ಪಿನ್‌ಗಳಿಂದ, ಆ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡ್‌ನ ತುದಿಗಳ ಮೂಲಕ ಗೆರೆ ಎಳೆದರೆ ಅವು ಹಿಂದಿನ ಎರಡು ಆಕ್ಸೆಲ್‌ಗಳ ನಡುವಿನ ಜಾಗದಲ್ಲಿ ಕೂಡಬೇಕು. ಇದನ್ನು ನೆಲದ ಮೇಲೆ ದಾರ ಕಟ್ಟಿ ನೋಡಿ.

ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕಿ. ಸಿಗ್ನಲ್ ತಪ್ಪಿದರೆ ಗಾಡಿ ನಿಲ್ಲುವಂತೆ ರಿಸೀವರ್‌ನ ಫೇಲ್‌ಸೇಫ್ ಹೊಂದಿಸಿ, ಚಕ್ರ ಎತ್ತಿಟ್ಟು ಟ್ರಾನ್ಸ್‌ಮಿಟರ್ ಆರಿಸಿ ಪರೀಕ್ಷಿಸಿ. ಇಪ್ಪತ್ತು ಕೆಜಿ ಮಗುವಿನ ಕಾಲಿಗೆ ಬಡಿದರೆ ಮೂಳೆ ಮುರಿಯಬಹುದು.

ಆದರೆ ವೈರ್ ಮುಟ್ಟುವ ಮುಂಚೆ ಒಂದು ಕೆಲಸ ಇದೆ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಚಾಸಿಯ ಮೇಲೆ ಕೊನೆಗೆ ಬರುವಷ್ಟೇ ಭಾರ ಹೇರಿ. ಮುಂದಿನ ಎಡ ಚಕ್ರದಿಂದ ಹಿಂದಿನ ಬಲ ಚಕ್ರಕ್ಕೆ, ಹಾಗೇ ಇನ್ನೊಂದು ಕರ್ಣಕ್ಕೆ ಟೇಪ್ ಹಿಡಿದು ಅಳೆಯಿರಿ. ಎರಡೂ ಒಂದೇ ಇರಬೇಕು. ಆಮೇಲೆ ಸಮತಟ್ಟಾದ ನೆಲದ ಮೇಲೆ ತಳ್ಳಿ ಬಿಡಿ. ಒಂದು ಕಡೆಗೆ ಎಳೆದರೆ ಮೊದಲು ಹಿಂದಿನ ಆಕ್ಸೆಲ್‌ನ ಕೆಳ ಸರಳುಗಳನ್ನು ಅರ್ಧ ಅರ್ಧ ಸುತ್ತು ತಿರುಗಿಸಿ ನೋಡಿ, ಸ್ಟೀರಿಂಗ್ ಮುಟ್ಟಬೇಡಿ. ನಿಮಗೆ ಸಿಕ್ಕ ಟೈರ್‌ನ ಎತ್ತರ, ಗ್ರೈಂಡರ್ ಗೇರ್‌ನ ಹಲ್ಲಿನ ಲೆಕ್ಕ ಇಲ್ಲಿ ಕೆಳಗೆ ಬರೆದರೆ ವೇಗದ ಲೆಕ್ಕ ನಾನೇ ಹಾಕಿಕೊಡುತ್ತೇನೆ.