ಆಪ್ತಸಮಾಲೋಚಕರು ಸಲಹೆ ಕೊಡದೆ ಪ್ರಶ್ನೆಗಳನ್ನೇ ಕೇಳುವುದೇಕೆ?

ಹೊರಗಿನಿಂದ ಬಂದ ಸಲಹೆಗಿಂತ ವ್ಯಕ್ತಿ ತಾನೇ ಯೋಚಿಸಿ ಕಂಡುಕೊಂಡ ತೀರ್ಮಾನವು ಹೆಚ್ಚು ಕಾಲ ಉಳಿಯುತ್ತದೆ ಎಂಬುದನ್ನು ಆಪ್ತಸಮಾಲೋಚನೆಯ ಹಲವು ಪದ್ಧತಿಗಳು ಒಪ್ಪುತ್ತವೆ; ಪ್ರಶ್ನೆಗಳು ಇರುವುದು ಅದಕ್ಕಾಗಿಯೇ. ಸಲಹೆಯನ್ನಂತೂ ನೆಂಟರಿಷ್ಟರೂ ಧಾರಾಳವಾಗಿ ಕೊಡುತ್ತಾರೆ.

ಇದರ ಹಿಂದಿನ ಕಾರಣವು ಯೋಚನೆ ಮತ್ತು ವರ್ತನೆಯ ರೀತಿಯನ್ನು ಬದಲಿಸಲು ನೆರವಾಗುವ ಅರಿವು-ವರ್ತನಾ ಚಿಕಿತ್ಸೆಯಲ್ಲಿ, ಅಂದರೆ ಸಿಬಿಟಿಯಲ್ಲಿ, ಸ್ಪಷ್ಟವಾಗಿ ಕಾಣುತ್ತದೆ. 1960ರ ದಶಕದಲ್ಲಿ ಈ ಚಿಕಿತ್ಸೆಗೆ ಬುನಾದಿ ಹಾಕಿದ ಅಮೆರಿಕದ ಮನೋವೈದ್ಯ ಆರನ್ ಬೆಕ್ ಅವರು, ಖಿನ್ನತೆಯಿಂದ ಬಳಲುವವರ ಮನಸ್ಸಿನಲ್ಲಿ ಥಟ್ಟನೆ ಮೂಡುವ, ಅವರು ಪರೀಕ್ಷಿಸದೆಯೇ ನಂಬಿಬಿಡುವ ಯೋಚನೆಗಳನ್ನು ಗುರುತಿಸಿದರು. ಗೆಳತಿ ಫೋನ್ ಎತ್ತಲಿಲ್ಲ ಎಂದಿಟ್ಟುಕೊಳ್ಳಿ: 'ಅವಳಿಗೆ ನಾನು ಬೇಡವಾಗಿದ್ದೇನೆ' ಎಂಬ ಯೋಚನೆ ಬಂದೊಡನೆ ಮನಸ್ಸು ಕುಗ್ಗುತ್ತದೆ; ಕುಗ್ಗಿದ ಮನಸ್ಸು ಮತ್ತೆ ಕರೆ ಮಾಡಲು ಬಿಡುವುದಿಲ್ಲ, ಕರೆ ಮಾಡದಿದ್ದರಿಂದ ಆ ಯೋಚನೆ ಸುಳ್ಳೆಂದು ತಿಳಿಯುವ ಅವಕಾಶವೂ ತಪ್ಪುತ್ತದೆ. 'ಹಾಗೇನಿಲ್ಲ, ಧೈರ್ಯವಾಗಿರಿ' ಎಂದ ಮಾತ್ರಕ್ಕೆ ಈ ಸುತ್ತು ನಿಲ್ಲುವುದಿಲ್ಲ. ಆದ್ದರಿಂದ ಚಿಕಿತ್ಸಕರು ನಡೆದ ಘಟನೆ, ಆಗ ಬಂದ ಯೋಚನೆ, ಅದರಿಂದಾದ ಭಾವನೆ, ಆ ಯೋಚನೆಯ ಪರವಾಗಿಯೂ ವಿರುದ್ಧವಾಗಿಯೂ ಇರುವ ಆಧಾರ, ಇವನ್ನು ಬೇರೆ ಬೇರೆ ಕಲಂಗಳಲ್ಲಿ ಬರೆಸುತ್ತಾರೆ. 'ಕರೆ ಎತ್ತದಿರಲು ಬೇರೆ ಕಾರಣವೇನಿರಬಹುದು?' ಎಂದು ಕೇಳಿ, ಮುಂದಿನ ಭೇಟಿಯೊಳಗೆ ಒಮ್ಮೆ ಕರೆ ಮಾಡಿ ನೋಡಲು ಒಪ್ಪಿಸುತ್ತಾರೆ.

ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ ರೂಪಿಸಿದ ವ್ಯಕ್ತಿಕೇಂದ್ರಿತ ಪದ್ಧತಿಯಲ್ಲಿ ಪ್ರಶ್ನೆಗಳೂ ಕಡಿಮೆ. ಎದುರಿನವರ ಮಾತನ್ನು ಗಮನವಿಟ್ಟು ಕೇಳಿ, ಅದರಲ್ಲಡಗಿದ ಭಾವನೆಯನ್ನು ಅವರಿಗೇ ತಿಳಿಯಾಗಿ ಮರಳಿ ಹೇಳುವುದು ಅಲ್ಲಿನ ಮುಖ್ಯ ತಂತ್ರ. ನೋಡಲು ಸುಲಭ, ಮಾಡಲು ಕಷ್ಟ. ಆತ್ಮಹತ್ಯೆಯ ಆಲೋಚನೆ ಅಥವಾ ಹಿಂಸೆಯ ಅಪಾಯ ಕಂಡಾಗ ಮಾತ್ರ ಪ್ರಶ್ನೆಗಳಲ್ಲೇ ನಿಲ್ಲುವಂತಿಲ್ಲ. ಸುರಕ್ಷತೆಗಾಗಿ ಏನು ಮಾಡಬೇಕೆಂಬುದನ್ನು ಸಮಾಲೋಚಕರು ನೇರವಾಗಿಯೇ ಹೇಳಬೇಕಾಗುತ್ತದೆ.