ಪ್ರತಿಕ್ರಿಯೆ: ಬೈಜಾಂಟೈನ್ ಕುದುರೆಗಳಿಗೆ ಯಾವ ಬಣ್ಣ?

ನೀವು ಕೇಳಿದ್ದು ಎರಡು ವಿಷಯ. 10ನೇ ಶತಮಾನದ ಬೈಜಾಂಟೈನ್ (ಪೂರ್ವ ರೋಮನ್) ಸಾಮ್ರಾಜ್ಯದ ಕ್ಯಾಟಫ್ರಾಕ್ಟ್, ಅಂದರೆ ತಮಗೂ ಕುದುರೆಗೂ ಕವಚ ತೊಡಿಸಿದ ಸವಾರರ ಬೊಂಬೆಗಳಿಗೂ ಅವರ ಕುದುರೆಗಳಿಗೂ ಪೂರ್ತಿ ಬೆಳ್ಳಿ ಬಣ್ಣ ಬಳಿಯಬಹುದಾ? ಇರುವ 12 ಬೊಂಬೆಗಳನ್ನು ಹೇಗೆ ಜೋಡಿಸುವುದು?

ಪೂರ್ತಿ ಬೆಳ್ಳಿ ಖಂಡಿತ ಬೇಡ. ಚಕ್ರವರ್ತಿ ಎರಡನೇ ನಿಕೆಫೊರೊಸ್ ಫೋಕಾಸ್ (963–969) ಹೆಸರಿನ ಯುದ್ಧ ಕೈಪಿಡಿ ಕುದುರೆಗೆ ಹೇಳುವುದು ಫೆಲ್ಟ್ (ಒತ್ತಿ ಗಟ್ಟಿ ಮಾಡಿದ ಉಣ್ಣೆ ಬಟ್ಟೆ) ಮತ್ತು ಬೇಯಿಸಿ ಗಟ್ಟಿ ಮಾಡಿದ ತೊಗಲಿನ ಹೊದಿಕೆ. ಸವಾರನಿಗೂ ಕಬ್ಬಿಣದ ಕವಚದ ಮೇಲೆ ಒರಟು ರೇಷ್ಮೆ ಅಥವಾ ಹತ್ತಿಯ ದಪ್ಪ ಅಂಗಿ ಇರುತ್ತಿತ್ತು. ಬಣ್ಣದ ಆಟಕ್ಕೆ ಇದೇ ಒಳ್ಳೆಯ ಜಾಗ, ಅಲ್ವಾ?

ತೊಗಲಿಗೆ ಮೊದಲು ಕಡುಕಂದು ಬಳಿಯಿರಿ. ಒಣಗಿದ ಮೇಲೆ ಪ್ರತಿ ತುಂಡಿನ ಕೆಳ ಅಂಚಿಗೆ ಮಾತ್ರ ತಿಳಿಕಂದಿನ ತೆಳು ಗೆರೆ ಎಳೆಯಿರಿ. ಕವಚಕ್ಕೆ ಕಪ್ಪು ಪ್ರೈಮರ್ (ತಳಬಣ್ಣ). ಬ್ರಷ್‌ನಲ್ಲಿರುವ ಉಕ್ಕಿನ ಬಣ್ಣವನ್ನು ಟಿಶ್ಯೂಗೆ ಒರೆಸಿ, ಉಳಿದದ್ದನ್ನು ಹಗುರವಾಗಿ ಸವರಿ. ಕವಚದ ಪಟ್ಟಿಗಳ ಸಂದು ತಾನಾಗಿ ಕಪ್ಪಾಗಿ ಉಳಿಯುತ್ತದೆ. ಕೊನೆಗೆ ಮ್ಯಾಟ್ ವಾರ್ನಿಶ್ ಹಾಕಿ, ಫೆಲ್ಟ್ ಹೊಳೆಯಬಾರದು.

ಜೋಡಣೆಗೆ ಒಂದೇ ನೇರ ಸಾಲು ಬೇಡ, ಮೊಂಡು ತುದಿಯ ತ್ರಿಕೋನವೇ ಸರಿ. ಕೈಪಿಡಿಯ ದೊಡ್ಡ ದಳದಲ್ಲಿ ಎಲ್ಲಕ್ಕಿಂತ ಮುಂದಿನ ಸಾಲಿಗೆ 20 ಜನ, ಹಿಂದೆ ಪ್ರತಿ ಸಾಲಿಗೂ ನಾಲ್ವರು ಜಾಸ್ತಿ. ಹೀಗೆ 12 ಸಾಲಿಗೆ 504 ಸವಾರರು. ನಿಮ್ಮ 12 ಬೊಂಬೆಗಳನ್ನು 2, 4, 6 ಅಂತ ನಿಲ್ಲಿಸಿ. ಕಬ್ಬಿಣದ ಗದೆ ಹಿಡಿದವರು ಮುಂದಿರಲಿ. ಬೊಂಬೆಗಳ ಗಾಜಿನ ಪೆಟ್ಟಿಗೆಯನ್ನು ಕಿಟಕಿ ಬಿಸಿಲಿಂದ ದೂರ ಇಡಿ, ಅಂಗಿಗೆ ಕೆಂಪು ಬಳಿದಿದ್ದರೆ ಅದು ಬೇಗ ಮಾಸಬಹುದು.