ಹಣೆಬರಹವಾ, ಹೇಡಿತನವಾ?

ಪ್ರಶ್ನೆ: ನಾನು ಚಿಕ್ಕಪೇಟೆಯ ಸೀರೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ವಯಸ್ಸು 47. ಪಿಯುಸಿ ಮುಗಿದಾಗ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಯಲ್ಲಿ ಓದಲು ಸೀಟು ಸಿಕ್ಕಿತ್ತು. ಅದೇ ತಿಂಗಳು ಅಪ್ಪ ತೀರಿಕೊಂಡರು. ತಂಗಿಯರಿಗಾಗಿ ಕೆಲಸಕ್ಕೆ ಸೇರಿದೆ. ಇದು ಹಣೆಬರಹವಾ, ನನ್ನ ಹೇಡಿತನವಾ?
– ಓದುಗರು, ಶ್ರೀರಾಮಪುರ

ಉತ್ತರ: ಎರಡೂ ಅಲ್ಲ ಸ್ವಾಮಿ. ಅಪ್ಪನ ಸಾವು ನಿಮ್ಮ ಕೈಯಲ್ಲಿರಲಿಲ್ಲ. ಆದರೆ ತಂಗಿಯರ ಜೊತೆ ನಿಂತಿದ್ದು ನೀವೇ. ಅದನ್ನೂ ವಿಧಿಯ ಲೆಕ್ಕಕ್ಕೆ ಯಾಕೆ ಬರೆಯುತ್ತೀರಿ?

ಕರ್ಮವನ್ನು ಪೂರ್ತಿ ನಂಬಿದ ಹಿರಿಯರೂ ಎಲ್ಲವನ್ನೂ ಹಣೆಗೆ ಅಂಟಿಸಲಿಲ್ಲ. ಕೂಡಿಟ್ಟದ್ದು ಸಂಚಿತ, ಅದರಲ್ಲಿ ಈಗ ಅನುಭವಕ್ಕೆ ಬಂದಿರುವುದು ಪ್ರಾರಬ್ಧ, ಇವತ್ತು ಮಾಡಿ ಮುಂದಕ್ಕೆ ಸೇರಿಸುವುದು ಆಗಾಮಿ ಎಂದರು. ಆಗಾಮಿ ಇದೆ ಅಂದರೆ ಇವತ್ತಿನ ಕೆಲಸಕ್ಕೂ ಬೆಲೆ ಇದೆ ಅಂತ ಅಲ್ವಾ?

ವಿಜ್ಞಾನದವರು ಅಮೆರಿಕದ ಮಿದುಳು ವಿಜ್ಞಾನಿ ಬೆಂಜಮಿನ್ ಲಿಬೆಟ್ ಹೆಸರು ಹೇಳಿ ಹೆದರಿಸಬಹುದು. ಮನಸ್ಸು ಬಂದಾಗ ಕೈ ಆಡಿಸಿ ಅಂತ ಅವರು ಜನರಿಗೆ ಹೇಳಿದ್ದರು. ಆಡಿಸಬೇಕು ಅನ್ನಿಸುವುದಕ್ಕೂ ಸುಮಾರು ಮೂರನೇ ಒಂದು ಸೆಕೆಂಡ್ ಮೊದಲೇ ಮಿದುಳಿನಲ್ಲಿ ಸಿದ್ಧತೆ ಶುರುವಾಗಿತ್ತು ಅಂತ 1983ರಲ್ಲಿ ಪ್ರಕಟಿಸಿದರು. ಹಾಗಾದರೆ ನಮ್ಮ ಇಚ್ಛೆ ಸುಳ್ಳು ಅಂತ ಕೆಲವರ ವಾದ. ನನಗೆ ಇದು ಜಾಸ್ತಿ ಎಳೆದ ಮಾತು ಅನ್ನಿಸುತ್ತದೆ. ಸುಮ್ನೆ ಕೈ ಆಡಿಸುವುದೂ ರಾತ್ರಿಯಿಡೀ ಯೋಚಿಸಿ ಸೀಟು ಬಿಡುವುದೂ ಒಂದೇನಾ? ಹೀಗೆ ಸಿದ್ಧವಾದ ಚಲನೆಯನ್ನು ಕೊನೇ ಗಳಿಗೆಯಲ್ಲಿ ತಡೆಯಲು ಸಾಧ್ಯ ಅಂತ ಲಿಬೆಟ್ ಅವರೇ ನಂಬಿದ್ದರು. (ಇದನ್ನು ಮಾತ್ರ ಯಾರೂ ನೆನಪಿಸುವುದಿಲ್ಲ!)

ಡಿಗ್ರಿ ಕೈತಪ್ಪಿದ್ದು ನಷ್ಟವೇ, ಇಲ್ಲ ಅನ್ನಲಾರೆ. ಆದರೆ ಗಿಡದ ಆಸೆಗೆ ಸರ್ಟಿಫಿಕೇಟ್ ಯಾಕೆ ಬೇಕು? ಜಿಕೆವಿಕೆಯ ಕೃಷಿಮೇಳಕ್ಕೆ ಅಂಗಡಿಗೆ ರಜೆ ಹಾಕಿ ಹೋಗಿ. ತಂಗಿಯರನ್ನೂ ಕರೆದುಕೊಂಡು ಹೋಗಿ.